ಬೈಯುವ ಅಕ್ಕನ ಹೋಮ್‌ಸ್ಟೇ

ಗೆಳೆಯರೇ, ಇವತ್ತು ಹಾನುಬಾಳಿನ ತಂಗಿಯ ಮನೆಯಲ್ಲಿ ಜಗಳ. ಗೌರಿ ಮತ್ತು ಅವಳ ಗಂಡ ಶಿವಣ್ಣ ಈ ವರ್ಷವಷ್ಟೇ ಹೋಮ್‌ಸ್ಟೇ ಶುರು ಮಾಡಿದ್ದಾರೆ. ಬರುವವರು ಕಡಿಮೆ.

"ಇನ್ಮುಂದೆ ಬೋರ್ಡು, ಪಾಂಪ್ಲೆಟು ನಡೆಯಲ್ಲ ಭಾವ. ಬಂದೋರು ನೆಟ್ಟಲ್ಲಿ ಬರೀತಾರೆ, ಅದನ್ನ ಓದ್ಕಂಡು ಮಿಕ್ಕೋರು ಬತ್ತಾರೆ" ಎಂದು ಶಿವಣ್ಣ ಭವಿಷ್ಯ ಹೇಳುತ್ತಲೇ ಇದ್ದ. ಇವತ್ತು ಬೆಳಿಗ್ಗೆ ನೆಟ್ಟಲ್ಲಿ ಅತಿಥಿಯೊಬ್ಬರ ಮೊದಲ ಬರಹ ಕಾಣಿಸಿತು: "ಜಾಗ ಚೆನ್ನಾಗಿದೆ. ತಟ್ಟೆಯಲ್ಲಿ ಅನ್ನ ಬಿಟ್ಟರೆ ಅಕ್ಕ ಬೈಯುತ್ತಾರೆ."

"ಹೊಟ್ಟೆ ಮೇಲೆ ಹೊಡೆದ್ಬುಟ್ಟಲ್ಲೇ!" ಎಂದು ಶಿವಣ್ಣ ಗೌರಿಯ ಮೇಲೆ ರೇಗಿದ.

"ಬೈದಿದ್ದು ನಿಜ ತಾನೆ? ಅಷ್ಟು ದೊಡ್ಡೋನು ಅನ್ನ ಚೆಲ್ತಾನಲ್ರೀ!"

ಮಧ್ಯಾಹ್ನದವರೆಗೆ ನಾನು ಇಬ್ಬರ ನಡುವೆ ಕೂತು ಕಾಫಿ ಕುಡಿದೆ. ಶಿವಣ್ಣನಂತೆ ನಾಳೆಯ ಬಗ್ಗೆ ನನಗೆಂದೂ ಖಚಿತ ಅಭಿಪ್ರಾಯಗಳಿರಲಿಲ್ಲ.

ಆಗ ಫೋನ್ ಬಂತು. ಮೈಸೂರಿನ ಒಂದು ಸಂಸಾರಕ್ಕೆ ಶನಿವಾರ ಎರಡು ಕೋಣೆ ಬೇಕಂತೆ. ಆ ತಾಯಿಯ ದನಿ ನನಗೂ ಕೇಳಿಸಿತು: "ಬೈಯೋ ಅಕ್ಕ ಇರೋ ಮನೆ ಇದೇ ತಾನೆ? ನಮ್ಮ ಮಕ್ಕಳು ಸರಿಯಾಗಿ ಊಟ ಮಾಡಲ್ಲ ಕಣ್ರೀ."

"ನಾನ್ ಹೇಳಿರ್ಲಿಲ್ವಾ?" ಎಂದು ಶಿವಣ್ಣ ರಿಸೀವರ್ ಇಟ್ಟ. ಗೌರಿಗೆ ಮಾತ್ರ ಚಿಂತೆ ಹತ್ತಿತು. "ಅಣ್ಣ, ಆ ಮಕ್ಳು ತಟ್ಟೆ ಖಾಲಿ ಮಾಡ್ಬುಟ್ರೆ ಏನಂತ ಬೈಲಿ?"

ನಿಮ್ಮ ಅಮ್ಮಂದಿರು ಬೈದದ್ದು ನೆನಪಿದ್ದರೆ ಕೆಳಗೆ ಬರೆಯಿರಿ. ಶನಿವಾರದೊಳಗೆ ಬೇಕು.