ಕೊಳದ ಸುತ್ತಲಿನ ಕೆಸು

ಹಲ್ಲಿನ ಡಾಕ್ಟರರ ಗೋಡೆಯ ಮೇಲೆ ಇಂಗ್ಲೆಂಡಿನ ಹಳ್ಳಿಬಂಗಲೆಯೊಂದರ ಕ್ಯಾಲೆಂಡರು. ಕಲ್ಲಿನ ಮನೆ, ಹೊಗೆಗೂಡು, ಗುಲಾಬಿ, ಹುಲ್ಲುಹಾಸು. ಬಾಯಿ ತೆರೆದು ಮಲಗಿದವನಿಗೆ ಬೇರೇನು ಕೆಲಸ? ನೋಡುತ್ತಾ ನೋಡುತ್ತಾ, ಅರೆ, ಇದು ನಮ್ಮ ಮನೆಯಲ್ಲವೇ ಅನ್ನಿಸಿತು. ನಗಬೇಡಿ. ಅರವತ್ತರ ದಶಕದ ಕೊನೆಯಲ್ಲಿ ನಾಸಿಕದಲ್ಲಿ ನಾವಿದ್ದದ್ದು ಇಂಥದೇ ಮನೆಯಲ್ಲಿ.

ಅದನ್ನು ಕಟ್ಟಿಸಿದವನು ಒಬ್ಬ ಇಂಗ್ಲಿಷ್ ಅಧಿಕಾರಿ. ತವರನ್ನು ನೆನೆದು ಕೊರಗುತ್ತಿದ್ದ ಹೆಂಡತಿಗಾಗಿ ಅವಳ ಅಪ್ಪನ ಮನೆಯಂತೆಯೇ ಕಟ್ಟಿಸಿದನಂತೆ. ಅವರು ಸ್ವದೇಶಕ್ಕೆ ಹೊರಟಾಗ ಕೊಂಡವರು ಒಬ್ಬ ಪಾರ್ಸಿ. ನಮ್ಮ ಕಾಲಕ್ಕೆ ಆ ಪಾರ್ಸಿಯ ಹೆಂಡತಿಯೇ ಒಡತಿ. ಬಸ್ ಸ್ಟ್ಯಾಂಡಿನ ಬಳಿ ಹೋಟೆಲು ನಡೆಸುತ್ತಿದ್ದ, ಉಡುಪಿ ಕಡೆಯ ನಮ್ಮಪ್ಪನಿಗೆ ಆಕೆ ಮನೆ ಕೊಟ್ಟದ್ದು ಒಂದೇ ಷರತ್ತಿನ ಮೇಲೆ: ತೋಟ ಮೇಮ್‌ಸಾಹೇಬರು ಬಿಟ್ಟುಹೋದಂತೆಯೇ ಇರಬೇಕು, ಕೈ ಹಚ್ಚಿದರೆ ಮನೆ ಖಾಲಿ. ಒಳಗೆ ಅಗ್ಗಿಷ್ಟಿಕೆಯ ಬಾಯಲ್ಲಿ ನಾವು ತೆಂಗಿನಕಾಯಿ ಒಟ್ಟಿದ್ದಕ್ಕೆ ತಕರಾರಿರಲಿಲ್ಲ.

ಅಲ್ಲಿಯ ತನಕ ಹೋಟೆಲಿನ ಹಿಂದಿನ ಒಂದೇ ಕೋಣೆಯಲ್ಲಿ, ಇಡ್ಲಿಯ ಹಬೆಯ ನಡುವೆ ಸಂಸಾರ ಮಾಡಿದ್ದ ಅಮ್ಮನಿಗೆ ಆ ಮನೆಯೆಂದರೆ ಪ್ರಾಣ. ಆದರೆ ಮಳೆಗಾಲ ಹಿಡಿಯಿತು ನೋಡಿ, ತೋಟದ ಕೊಳದ ಸುತ್ತ ಮೇಮ್‌ಸಾಹೇಬರು ಅಂದಕ್ಕೆಂದು ನೆಟ್ಟಿದ್ದ ಕಪ್ಪುದಂಟಿನ ಕೆಸು ಮೊರದಗಲ ಎಲೆ ಬಿಟ್ಟಿತು. ಕರಾವಳಿಯ ಹೆಂಗಸು, ಆಷಾಢದ ಮಳೆ, ಎದುರಿಗೆ ಕೆಸುವಿನ ಎಲೆ. ಪತ್ರೊಡೆ ಮಾಡದೆ ಇರುವುದುಂಟೇ? ಒಂದನ್ನೂ ಬಿಡದೆ ಕೊಯ್ದರು.

"ಎಂತ ಮಾಡಿದೆ ಮಾರಾಯ್ತಿ! ಬೇಕಿದ್ರೆ ಮಾರ್ಕೆಟಿಂದ ತರ್ತಿರ್ಲಿಲ್ವಾ?" ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು.

"ಅಂಗಳದಲ್ಲೇ ಇರುವಾಗ ಪೇಟೆಯಿಂದ ತರುದಾ?" ಎಂದರು ಅಮ್ಮ. ಷರತ್ತು ನೆನಪಾದದ್ದು ಆಮೇಲೆ.

ಅದೇ ಸಂಜೆ ಒಡತಿಯ ಟಾಂಗಾ ಬರಬೇಕೇ! ಬೋಳು ದಂಟುಗಳ ಮುಂದೆ ನಿಂತು, "ಪತ್ತೇ ಕಹಾಂ ಗಯೇ?" ಎಂದು ಎಲೆಗಳನ್ನು ವಿಚಾರಿಸಿದರು. ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮನಿಗೆ ಹಿಂದಿ ಬಾರದು. ಒಳಗೆ ಹೋಗಿ ತಟ್ಟೆಯಲ್ಲಿ ಪತ್ರೊಡೆ ತಂದು ಹಿಡಿದರು. ಮತ್ತೆ ಆ ಒಂದೇ ಕೋಣೆಗೇ ಎಂದು ನನಗೆ ಅಳು ಒತ್ತಿ ಬಂತು.

ಒಡತಿ ಮೂಸಿದರು, ಮುರಿದು ಬಾಯಿಗಿಟ್ಟರು. "ಅರೇ, ಯೇ ತೋ ಹಮಾರಾ ಪತ್ರೇಲ್!" ಅವರ ತಾಯಿಯೂ ಕೆಸುವಿನ ಎಲೆಯಲ್ಲಿ ಇದನ್ನೇ ಮಾಡುತ್ತಿದ್ದರಂತೆ. ಮೇಮ್‌ಸಾಹೇಬರ ಗಿಡವೆಂದು ತಾವು ಇಷ್ಟು ವರ್ಷ ಎಲೆ ಮುಟ್ಟದೆ ನೀರುಣಿಸಿದ್ದರಂತೆ. ಇನ್ನೊಂದು ತುಂಡು ಎತ್ತಿಕೊಂಡು ಗಂಟಲು ಕೆರೆದುಕೊಂಡರು. "ಪರ್ ಬಾಯಿ, ಇಮ್ಲೀ ಕಮ್ ಪಡೀ." ಕೆಸುವಿನ ತುರಿಕೆ ಮುರಿಯಲು ಹುಣಸೆಹುಳಿ ಸಾಲದು ಎಂಬುದು ಹಿಂದಿ ಬಾರದ ಅಮ್ಮನಿಗೂ ತಿಳಿಯಿತು. ಇಬ್ಬರೂ ನಕ್ಕರು.

ಷರತ್ತಿನ ಮಾತನ್ನು ಒಡತಿ ಮತ್ತೆ ಎತ್ತಲಿಲ್ಲ. ಮುಂದಿನ ಮಳೆಗಾಲದಲ್ಲಿ ಸೀರೆ ಎತ್ತಿಕಟ್ಟಿ, ಎಲೆ ಆರಿಸಲು ಅಮ್ಮನ ಜತೆ ತಾವೇ ಕೊಳದ ಅಂಚಿಗೆ ಇಳಿದರು.

ಈಗ ಅಲ್ಲಿ ಫ್ಲ್ಯಾಟುಗಳಿವೆ, ಇರಲಿ. ನಾಸಿಕದಲ್ಲಿ ಬಾಡಿಗೆಗೆ ಇದ್ದವರು ಎಂದೇ ನಮ್ಮ ಬಗ್ಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇವತ್ತು ಬಾಯಿ ಮುಕ್ಕಳಿಸಿ ಕುರ್ಚಿಯಿಂದ ಏಳುವಾಗ ಅನ್ನಿಸಿತು: ಅಲ್ಲ, ನಮಗೆ ಅಲ್ಲೊಂದು ಮನೆಯಿತ್ತು.