ಸೋಮವಾರ ಮಲಗುವ ಡಬ್ಬಿ

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಣ್ಣಾಸಾಹೇಬರ ಪ್ರಿಂಟಿಂಗ್ ಪ್ರೆಸ್ ಇದೆ. ಮಾಲೀಕರು ಅವರಾದರೂ ಕೀಲಿಕೈ ಇರುವುದು ಶಂಕ್ರವ್ವನ ಸೊಂಟದಲ್ಲಿ. ಹದಿನಾಲ್ಕು ವರ್ಷಗಳಿಂದ ಅಂಕಲಗಿಯ ಮೊದಲ ಬಸ್ಸಿಗೆ ಬಂದು, ಶಟರ್ ಎತ್ತಿ, ಕಸ ಗುಡಿಸಿ, ಊದುಬತ್ತಿ ಹಚ್ಚಿ, ಮೂರು ಕಂಪ್ಯೂಟರುಗಳ ಗುಂಡಿ ಒತ್ತುವವಳು ಅವಳೇ. ಅರವತ್ತು ದಾಟಿದ ಈ ಹೆಂಗಸಿಗೆ ಅಕ್ಷರ ಬಾರದು. ಆದರೆ ಯಾವ ಯಂತ್ರ ಯಾವಾಗ ಮುನಿಯುತ್ತದೆ ಎಂಬುದೆಲ್ಲ ಬಾಯಿಪಾಠ. ಬಸ್ಸಿನಲ್ಲಿ ಯಾರಾದರೂ "ಎಲ್ಲಿ ಹೊಂಟೀ ಶಂಕ್ರವ್ವಾ?" ಎಂದರೆ ಕಸ ಹೊಡೆಯಲು ಎನ್ನುವುದಿಲ್ಲ, "ಪ್ರೆಸ್ ತೆಗಿಯಾಕ" ಎನ್ನುತ್ತಾಳೆ. ಎರಡಕ್ಕೂ ಅಂತರವಿದೆ, ತಿಳಿಯದವರಿಗೆ ಹೇಳಿ ಪ್ರಯೋಜನವಿಲ್ಲ.

ಪ್ರೆಸ್ಸಿನ ಮೂಲೆಯಲ್ಲಿ ಒಂದು ಕರಿ ಡಬ್ಬಿ ಇದೆ. ಲಗ್ನಪತ್ರಿಕೆ, ಬ್ಯಾನರು, ಫೋಟೋ ಎಲ್ಲ ಕೂಡಿಟ್ಟಿರುವುದು ಅದರೊಳಗೆ; ಮೂರೂ ಕಂಪ್ಯೂಟರುಗಳು ವೈರಿನ ಮೂಲಕ ಅದರಿಂದಲೇ ತೆಗೆದುಕೊಳ್ಳುತ್ತವೆ. ಇದನ್ನು ಹೊಂದಿಸಿದವನು ಸಂಕೇಶ್ವರದ ಮಲ್ಲೇಶ. ವೈರಸ್ಸಿನ ಕಾಟ ತಾಳಲಾರದೆ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನೂ ಅವನೇ. ಸಂಜೆ ಕಂಪ್ಯೂಟರುಗಳನ್ನು ಆರಿಸಿದರೂ ಡಬ್ಬಿ ಮಾತ್ರ ಸದಾ ಉರಿಯುತ್ತಿರಬೇಕೆಂದು ಅವನ ಲೆಕ್ಕ.

ಸೋಮವಾರ ಪ್ರೆಸ್ಸಿಗೆ ರಜೆ. ಒಂದೂವರೆ ತಿಂಗಳಿಂದ, ಮಂಗಳವಾರ ಬಂತೆಂದರೆ ಅಲ್ಲಿ ಗೋಳು. ಡಿಸೈನ್ ಮಾಡುವ ಅನ್ನಪೂರ್ಣಾ ಬಂದು ಫೋಲ್ಡರ್ ತೆರೆದರೆ ಒಳಗೆ ಏನೂ ಇಲ್ಲ, ಬಟ್ಟ ಬಯಲು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರೆ ಎಲ್ಲವೂ ಹಾಜರು. ಬುಧವಾರದಿಂದ ಭಾನುವಾರದವರೆಗೆ ತಕರಾರೇ ಇಲ್ಲ.

ಕಳೆದ ಮಂಗಳವಾರ ಹುಕ್ಕೇರಿಯವರ ಲಗ್ನಪತ್ರಿಕೆಯ ಗಡಿಬಿಡಿ ಇತ್ತು. ಫೋಲ್ಡರ್ ಖಾಲಿ ಕಂಡರೂ ಅನ್ನಪೂರ್ಣಾ ಪೆನ್ ಡ್ರೈವಿನಲ್ಲಿದ್ದ ಪ್ರತಿ ತೆಗೆದು, ಮುಹೂರ್ತದ ವೇಳೆ ತಿದ್ದಿ, ಅದೇ ಫೋಲ್ಡರಿನಲ್ಲಿ ಇಟ್ಟಳು. ಕಂಪ್ಯೂಟರನ್ನು ಮತ್ತೆ ಹಚ್ಚಿದ ಮೇಲೆ ಅಲ್ಲಿದ್ದದ್ದು ಹಳೆಯ ಪತ್ರಿಕೆ. ಯಾರೂ ನೋಡಲಿಲ್ಲ, ಅದೇ ಅಚ್ಚಾಯಿತು. ಈ ಮಂಗಳವಾರ ಹುಕ್ಕೇರಿಯವರು ತಪ್ಪು ವೇಳೆಯ ಪತ್ರಿಕೆಗಳ ಕಟ್ಟು ತಂದು ಅಣ್ಣಾಸಾಹೇಬರ ಮುಂದೆ ಇಟ್ಟು ಹೋದರು.

"ತಿದ್ದೇನಿ ಅಂತಿ. ಎಲ್ಲೈತಿ, ತೋರಿಸು!" ಅಣ್ಣಾಸಾಹೇಬರ ಸಿಟ್ಟು ನೆತ್ತಿಗೇರಿತ್ತು.

"ಖರೇನ ತಿದ್ದಿದ್ನಿರಿ," ಎಂದಳು ಅನ್ನಪೂರ್ಣಾ. ಕಣ್ಣುಗಳು ತುಂಬಿ ಬಂದಿದ್ದವು.

"ಕೆಲಸದಾಗ ಚಿತ್ತ ಇಲ್ಲದವರು ನಮಗ ಬ್ಯಾಡ."

ಕರೆಸಿದ್ದಕ್ಕೆ ಬಂದಿದ್ದ ಮಲ್ಲೇಶ ಪರದೆಯಿಂದ ತಲೆ ಎತ್ತಿದ. "ಬರೇ ಮಂಗಳವಾರ ಯಾಕ್ರಿ? ಸೋಮವಾರ ಇಲ್ಲಿ ಏನಾಗತೈತಿ?"

"ಏನೂ ಇಲ್ಲ. ಬಂದ್ ಇರತೈತಿ," ಎಂದರು ಅಣ್ಣಾಸಾಹೇಬರು.

ಶಂಕ್ರವ್ವನ ಕೈಯ ಕಸಬರಿಗೆ ನಿಂತಿತು. ಸೋಮವಾರ ಏನಾಗುತ್ತದೆಂದು ಅಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಬಾಯಿ ಬಿಡದೆ, ಮುಂದಿನ ವಾರದಿಂದ ಆ ಕೆಲಸ ನಿಲ್ಲಿಸಿದರೆ ಕೀಲಿಕೈ ಸೊಂಟದಲ್ಲೇ ಉಳಿಯುತ್ತಿತ್ತು. ಆ ಆಸೆ ಅವಳಿಗೆ ಬಂದದ್ದೂ ನಿಜ, ಮುಚ್ಚಿಡುವುದೇಕೆ? ಆದರೆ ಎದುರಿಗೆ ಸುಳ್ಳು ಹೇಳದ ಹುಡುಗಿ ಸುಳ್ಳಿಯಾಗಿ ನಿಂತಿದ್ದಳು.

"ಡಬ್ಬಿ ನಾ ಬಂದ್ ಮಾಡತೇನ್ರಿ ಸಾವ್ಕಾರ್ರ, ಐತವಾರ ಸಂಜೀಕ. ಧೂಳ ಒರಸುವಾಗ ಮುಟ್ಟಿದ್ರ ಮೈ ಸುಡಾಕತ್ತಿತ್ತು. ಎತ್ತಿಗಿ ಸೋಮವಾರ ನೊಗಾ ಹೂಡೂದಿಲ್ಲ ನಾವು. ಇದೂ ಒಂದಿನ ಮಲಗಲಿ ಅಂದ್ನಿ. ಮಂಗಳವಾರ ಮುಂಜಾನೆ ಕಂಪ್ಯೂಟರಿನ ಜೋಡೀನ ಎಬ್ಬಸ್ತೇನಿ."

ಅವಳು ಕೀಲಿಕೈ ಬಿಚ್ಚಿ ಮೇಜಿನ ಮೇಲಿಟ್ಟಳು. "ತಗೋರಿ. ಆ ಹುಡಿಗೀಗಿ ಬೈಬ್ಯಾಡ್ರಿ."

ಮಲ್ಲೇಶ ಕುರ್ಚಿ ತಿರುಗಿಸಿ ಕೇಳಿದ. "ಹೆಂಗ ಮಲಗಿಸ್ತೀರಿ ಆಯಿ? ವೈರ್ ಕಿತ್ತು?"

"ಏ ಇಲ್ಲಪಾ! ಗುಂಡಿ ಒತ್ತಿ ಹಿಡೀತೇನಿ. ದೀಪ ಆರಿದ ಮ್ಯಾಲ ಸ್ವಿಚ್."

"ಬರೋಬ್ಬರಿ ಐತಿ," ಎಂದು ಮಲ್ಲೇಶ ನಕ್ಕ, ಕೀಲಿಮಣೆಯ ಮೇಲೆ ಬೆರಳು ಓಡಿಸಿದ. ಗೊತ್ತಾದದ್ದು ಇಷ್ಟು: ಕಂಪ್ಯೂಟರು ಅರ್ಧ ನಿಮಿಷದಲ್ಲಿ ಏಳುತ್ತದೆ, ಡಬ್ಬಿಗೆ ನಾಲ್ಕು ನಿಮಿಷ ಬೇಕು. ಎದ್ದ ಕೂಡಲೇ ಕಂಪ್ಯೂಟರು ಒಮ್ಮೆ ಡಬ್ಬಿಯನ್ನು ಹುಡುಕುತ್ತದೆ. ಸಿಗದಿದ್ದರೆ ಕೈಬಿಟ್ಟು ತನ್ನದೇ ಖಾಲಿ ಫೋಲ್ಡರ್ ತೋರಿಸುತ್ತದೆ. ಅನ್ನಪೂರ್ಣಾ ಪತ್ರಿಕೆ ಇಟ್ಟದ್ದು ಅಲ್ಲಿ. ಆಮೇಲೆ ಡಬ್ಬಿಯ ಫೋಲ್ಡರ್ ಅದರ ಮೇಲೆ ಬಂದು ಕುಳಿತಿತ್ತು, ಗೋಡೆಯ ಗೂಡಿನ ಮುಂದೆ ಕಪಾಟು ತಂದು ನಿಲ್ಲಿಸಿದ ಹಾಗೆ. ಮಲ್ಲೇಶ ಕಪಾಟು ಸರಿಸಿದ. ತಿದ್ದಿದ ಪತ್ರಿಕೆ ಅಲ್ಲೇ ಇತ್ತು, ಮುಹೂರ್ತದ ವೇಳೆಯೂ ಸರಿಯಾಗಿತ್ತು. ಅಣ್ಣಾಸಾಹೇಬರು ಅದನ್ನು ಎರಡು ಸಲ ಗಟ್ಟಿಯಾಗಿ ಓದಿ, "ತಪ್ಪಾತವಾ ಅನ್ನಪೂರ್ಣಾ," ಎಂದರು. ಅವರ ಬಾಯಿಂದ ಈ ಮಾತು ಬಂದದ್ದನ್ನು ಆ ಪ್ರೆಸ್ಸಿನಲ್ಲಿ ಯಾರೂ ಕೇಳಿರಲಿಲ್ಲ.

ಮಲ್ಲೇಶ ಕಂಪ್ಯೂಟರುಗಳ ಸೆಟ್ಟಿಂಗಿನಲ್ಲಿ ಒಂದೊಂದು ಸಾಲು ಬದಲಿಸಿದ. ಇನ್ನು ಅವು ಏಳುವಾಗ ಡಬ್ಬಿಗಾಗಿ ತಡಕಾಡುವುದಿಲ್ಲ. ಯಾರಾದರೂ ಫೋಲ್ಡರ್ ತೆರೆದಾಗ ಹುಡುಕುತ್ತವೆ, ಸಿಗದಿದ್ದರೆ ಸಿಗಲಿಲ್ಲ ಎಂದೇ ಹೇಳುತ್ತವೆ. ಪರೀಕ್ಷೆಗಾಗಿ ಎಲ್ಲವನ್ನೂ ಆರಿಸಿ, ಶಂಕ್ರವ್ವನ ಕೈಯಿಂದಲೇ ಹಚ್ಚಿಸಿದ. ಅನ್ನಪೂರ್ಣಾ ಫೋಲ್ಡರ್ ತೆರೆದಳು: ಸಿಗಲಿಲ್ಲ. ಎಲ್ಲರೂ ಡಬ್ಬಿಯನ್ನು ಸುತ್ತುವರಿದು ನಿಂತರು. ಹಸಿರು ದೀಪ ಹತ್ತಿತು. ಕಂಪ್ಯೂಟರನ್ನು ಮುಟ್ಟದೆ ಮತ್ತೆ ತೆರೆದಳು: ಪತ್ರಿಕೆ, ಫೋಟೋ, ಬ್ಯಾನರು, ಎಲ್ಲವೂ ಸಾಲಾಗಿ ಬಂದವು. "ಬಂತು ಆಯಿ!" ಎಂದು ಅವಳು ಶಂಕ್ರವ್ವನನ್ನು ತಬ್ಬಿಕೊಂಡಳು.

ಅಣ್ಣಾಸಾಹೇಬರು ಕೀಲಿಕೈಯನ್ನು ಶಂಕ್ರವ್ವನ ಕಡೆಗೆ ತಳ್ಳಿದರು. "ಇದನ್ನ ಇಲ್ಲಿ ಇಟ್ರ ನಾಳೆ ಶಟರ್ ಯಾರು ಎತ್ತಬೇಕು? ನಾ ಏಳತೇನು ಅಷ್ಟ ಲಗೂ? ಸೋಮವಾರ ನಮ್ಮ ಮನ್ಯಾಗೂ ಎತ್ತ ಹೂಡೂದಿಲ್ಲ. ಮಲಗಲಿ ತಗೋ ಅದು."

ಶಂಕ್ರವ್ವ ಕೀಲಿಕೈ ಮುಟ್ಟಲಿಲ್ಲ. "ಖರೇ ಹೇಳಪಾ ಮಲ್ಲೇಶ. ತಪ್ಪು ನಂದ ಅಲ್ಲೇನು?"

"ಅಲ್ಲ ಆಯಿ. ಕರೆಂಟ್ ಹೋಗಿ ಬಂದಿದ್ರೂ ಹಿಂಗ ಆಗತಿತ್ತು. ಡಬ್ಬಿ ತಡಾ ಏಳತೈತಿ ಅಂತ ಕಂಪ್ಯೂಟರಿಗಿ ನಾ ಹೇಳಿಟ್ಟಿರಲಿಲ್ಲ. ತಪ್ಪು ನಂದು."

ನಲವತ್ತು ವರ್ಷ ಕಂಡವರ ಮನೆ, ಅಂಗಡಿಗಳಲ್ಲಿ ದುಡಿದವಳು ಶಂಕ್ರವ್ವ. ಬಟ್ಟಲು ಒಡೆಯಲಿ, ಚಮಚ ಕಾಣೆಯಾಗಲಿ, ಫ್ಯಾನು ಕೆಡಲಿ, ಮೊದಲು ಕೇಳಿಬರುತ್ತಿದ್ದದ್ದು ಅವಳ ಹೆಸರೇ. ತಪ್ಪನ್ನು ಬುಡದವರೆಗೂ ಹುಡುಕಿ ತನ್ನ ತಲೆಯ ಮೇಲೆ ಹೊತ್ತುಕೊಂಡವನನ್ನು ಅವಳು ಕಂಡದ್ದು ಇದೇ ಮೊದಲು. ಅವಳು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆಮೇಲೆ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿದಳು.

"ತಪ್ಪು ನಿಂದ ಅಂದ ಮ್ಯಾಲ ಚಾ ನೀನ ತರಬೇಕಪಾ," ಎಂದಳು.

ಮಲ್ಲೇಶ ಎದ್ದು ಚಹಾ ತರಲು ಹೋದ. ಶಂಕ್ರವ್ವ ಅಣ್ಣಾಸಾಹೇಬರ ಎದುರಿನ ಕುರ್ಚಿ ಎಳೆದುಕೊಂಡು ಕುಳಿತಳು.