ಉಜ್ಜಿದ ಬೆರಳುಗಳು

ಬಳ್ಳಾರಿಯ ಆ ಶಾಲೆಯ ಕೋಣೆಯಲ್ಲಿ ಆಧಾರ್‌ಗೆ ಬೆರಳಚ್ಚು ತೆಗೆಯುವ ಯಂತ್ರದ ದೀಪ ಕೆಂಪಗಿತ್ತೆಂದು ನನ್ನ ನೆನಪು. ಆದರೆ ಆ ವರ್ಷಗಳಲ್ಲಿ ರಸ್ತೆ, ಮರದೆಲೆ, ಒಣಹಾಕಿದ ಬಟ್ಟೆ ಎಲ್ಲವೂ ಅದಿರಿನ ದೂಳಿನಿಂದ ಕೆಂಪಗಿದ್ದವು. ದೀಪಕ್ಕೂ ನಾನೇ ಆ ಬಣ್ಣ ಬಳಿದಿರಬಹುದು. ಯಂತ್ರ ದೊಡ್ಡಮ್ಮನ ಬೆರಳನ್ನು ಒಪ್ಪಲಿಲ್ಲ ಎಂಬುದು ಮಾತ್ರ ಖಚಿತ.

ದೊಡ್ಡಮ್ಮ, ನನ್ನ ತಾಯಿಯ ಅಕ್ಕ, ಕುರುಗೋಡಿನಲ್ಲಿ ಒಬ್ಬಳೇ ಇದ್ದಳು. ಬೆಳಿಗ್ಗೆ ಓಣಿಯ ಹೆಂಗಸರೊಂದಿಗೆ ಟೆಂಪೊ ಹತ್ತಿ ಕುಡತಿನಿ ಕಡೆಯ ಅದಿರಿನ ಯಾರ್ಡಿಗೆ ಹೋಗುತ್ತಿದ್ದಳು. ಅಲ್ಲಿ ಸುತ್ತಿಗೆಯಿಂದ ಅದಿರುಗಲ್ಲು ಒಡೆದು, ಒಳ್ಳೆಯದನ್ನು ಕೈಯಿಂದ ಆರಿಸುವ ಕೆಲಸ. ಆಧಾರ್ ಇಲ್ಲದವರಿಗೆ ರೇಷನ್ ಅಕ್ಕಿ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿತ್ತು. ನಿಜವೋ ಸುಳ್ಳೋ, ಅವಳು ನಂಬಿದ್ದಳು. ಅವಳ ಒಲೆ ಉರಿಯುತ್ತಿದ್ದುದು ಆ ಅಕ್ಕಿಯಿಂದಲೇ.

ಇನ್ನೊಂದು ಹೆದರಿಕೆಯೂ ಇತ್ತು. ಅಕ್ರಮ ಗಣಿಗಳ ಮೇಲೆ ಸರ್ಕಾರದ ದಾಳಿಯ ಮಾತು ಶುರುವಾಗಿತ್ತು. ಕೆಂಪು ಕೈ ಕಂಡರೆ ತಮ್ಮ ಹೆಸರನ್ನೂ ಕೇಸಿನಲ್ಲಿ ಬರೆದುಕೊಳ್ಳುತ್ತಾರೆಂದು ಯಾರ್ಡಿನ ಹೆಂಗಸರು ಮಾತಾಡಿಕೊಂಡು, ಹಬ್ಬಕ್ಕೆ ಹಿತ್ತಾಳೆ ಪಾತ್ರೆ ಬೆಳಗುವ ಹಾಗೆ ಇಟ್ಟಿಗೆ ಪುಡಿ ಹಚ್ಚಿ ತೆಂಗಿನ ನಾರಿನಿಂದ ಬೆರಳು ಉಜ್ಜಿಕೊಂಡಿದ್ದರು. ಶಾಲೆಯ ಸಾಲಿನಲ್ಲಿ ದೊಡ್ಡಮ್ಮನದೂ ಸೇರಿ ಅವರ ಕೈಗಳು ಹೊಳೆಯುತ್ತಿದ್ದವು.

ಕಂಪ್ಯೂಟರಿನ ಮುಂದಿದ್ದ ಹೆಂಗಸು ಒದ್ದೆ ಬಟ್ಟೆ ಕೊಟ್ಟಳು. "ಒರಸ್ಕೊಂಡು ಗಟ್ಟಿ ಒತ್ರಿ, ಅಜ್ಜಿ."

"ಅಜ್ಜಿ ಅನಬ್ಯಾಡವಾ. ಕಲ್ಲು ಒಡಿಯಾಕಿ ನಾ. ಇನ್ನ ಒತ್ತಿದ್ರ ನಿನ್ ಡಬ್ಬಿ ಒಡದೀತು."

ಸಾಲಿನವರು ನಕ್ಕರು. ದೀಪ ಬದಲಾಗಲಿಲ್ಲ.

"ಗೆರಿನ ಇಲ್ಲಲ್ರಿ. ಏನ್ ಮಾಡ್ಕೊಂಡೀರಿ ಬೆರಳಿಗಿ?"

ದೊಡ್ಡಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ತೊಳಕೊಂಡೀನಿ. ಹೆಸರು ಬರಕೊಂಡಿ, ಊರು ಬರಕೊಂಡಿ, ಮುಖ ನೋಡಾಕತ್ತಿ. ನಾ ನಾನ ಅನ್ನಾಕ ಇನ್ನೇನ್ ಬೇಕು?"

"ನನಗ ಗೊತ್ತಾತ್ರಿ, ಯಂತ್ರಕ್ಕ ಗೊತ್ತಾಗಬೇಕಲ್ಲ. ನಿಮ್ಮ ಬೆರಳು, ಕಣ್ಣು ಇಡೀ ದೇಶದಾಗ ಕೊಟ್ಟೋರ ಜೋಡಿ ಹೊಂದಿಸಿ ನೋಡ್ತಾರ. ಇಂಥಾಕಿ ಇನ್ನೊಬ್ಬಾಕಿ ಇಲ್ಲ ಅಂತಾದ್ರ ನಂಬರ್ ಬರತೈತಿ. ನಿಮಗ ಒಂದ್ ಕಣ್ಣಿಗಿ ಪೊರಿ ಐತಿ, ಬೆರಳಾದ್ರೂ ಚಂದಾಗಿ ಬೀಳಬೇಕು. ಚರ್ಮ ಬರೂತನಕ ಕಲ್ಲು ಮುಟ್ಟಬ್ಯಾಡ್ರಿ, ಕೊಬ್ರಿ ಎಣ್ಣಿ ಹಚ್ರಿ. ಮುಂದ ಸಿರುಗುಪ್ಪದಾಗ ಕುಂದರ್ತೀವಿ, ಅಲ್ಲಿಗಿ ಬರ್ರಿ."

ಕೂಲಿ ಬಿಟ್ಟು ಅವಳು ಮನೆಯಲ್ಲಿ ಕುಳಿತಳು. ನಾನು ಹೋದಾಗಲೆಲ್ಲ ಹೊಸ್ತಿಲ ಬೆಳಕಿಗೆ ಬೆರಳು ಚಾಚುತ್ತಿದ್ದಳು.

"ನೋಡಲೇ, ಗೆರಿ ಬಂದಾವೇನು?"

ಬಂದಿವೆ ಎನ್ನುತ್ತಿದ್ದೆ. ಕಂಡು ಹೇಳಿದೆನೋ, ಕಾಣಲಿ ಎಂದು ಹೇಳಿದೆನೋ, ಈಗಲೂ ತಿಳಿಯದು.

"ನಿನ್ನ ಎಂ.ಎ.ದಾಗ ಇದನ್ನ ಕಲಿಸಲಿಲ್ಲ ಕಾಣ್ತೈತಿ," ಎಂದು ಅವಳೇ ಕಣ್ಣು ಕಿರಿದು ಮಾಡಿ ನೋಡಿಕೊಳ್ಳುತ್ತಿದ್ದಳು. ಯಾರ್ಡಿನಲ್ಲಿ ತನ್ನ ಜಾಗ ಬೇರೆಯವರ ಪಾಲಾದೀತೆಂಬ ಚಿಂತೆ ಬೇರೆ.

ಸಿರುಗುಪ್ಪಕ್ಕೆ ಹೋಗುವಾಗ ಬಸ್ಸಿನ ಎರಡೂ ಬದಿ ಭತ್ತದ ಗದ್ದೆ. ಅವಳು ಹೊರಗೆ ನೋಡಲಿಲ್ಲ. ಅದೇ ಹೆಂಗಸು, ಅದೇ ಯಂತ್ರ. ಎಡಗೈಯ ನಾಲ್ಕು ಬೆರಳಿನ ಗುರುತು ಬಿತ್ತು, ಬಲಗೈಯದೂ ಬಿತ್ತು. ಹೆಬ್ಬೆರಳುಗಳು ಬೀಳಲಿಲ್ಲ. ಒರೆಸಿ, ಒತ್ತಿ, ಮತ್ತೆ ಒರೆಸಿ. ಕೊನೆಗೊಮ್ಮೆ ಯಂತ್ರ ಕೂಗಿತು, ಚೀಟಿ ಹೊರಬಂತು. ನಂಬರು ಆಮೇಲೆ ಅಂಚೆಯಲ್ಲಿ.

"ಇನ್ನ ಕೆಲಸಕ್ಕ ಹೋಗಬಹುದೇನು?"

"ಹೋಗ್ರಿ. ಆದ್ರ ಮುಂದ ಅಕ್ಕಿ ಕೊಡಾಗೂ ಬೆರಳು ಕೇಳಬಹುದು. ಗೆರಿ ಉಳಿಸ್ಕೋರ್ರಿ."

"ಉಳಿಸ್ಕೊಂತ ಕುಂತ್ರ ಕೂಲಿ ನೀ ಕೊಡ್ತಿಯೇನು?"

ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆವು. ಅವಳು ಕಂಬಿ ಮುಟ್ಟಲಿಲ್ಲ; ಗುಂಡಿ ಬಂದಾಗಲೆಲ್ಲ ವಾಲುತ್ತಿದ್ದಳು. ನಾನು ಅವಳ ರಟ್ಟೆ ಹಿಡಿದಿದ್ದೆ ಎಂದು ಈಗ ಅನ್ನಿಸುತ್ತದೆ. ಹಿಡಿದಿದ್ದೆನೋ, ಮನಸ್ಸು ಆಮೇಲೆ ಸೇರಿಸಿತೋ.

ಮರುದಿನ ಬೆಳಿಗ್ಗೆ ಹಳೆಯ ಸೀರೆ ಹರಿದು ಬೆರಳಿಗೊಂದೊಂದು ಚಿಂದಿ ಸುತ್ತಿಕೊಂಡು ಅವಳು ಟೆಂಪೊ ಹತ್ತಿದಳು.

"ಏನ್ಬೇ, ಮದರಂಗಿ ಹಚ್ಚೀಯೇನು?" ಎಂದಿತು ಒಳಗಿನಿಂದ ಒಂದು ದನಿ.

ದೊಡ್ಡಮ್ಮ ಬಿಚ್ಚಿಹೋಗುತ್ತಿದ್ದ ಹೆಬ್ಬೆರಳಿನ ಚಿಂದಿಯನ್ನು ಹಲ್ಲಿನಿಂದ ಬಿಗಿ ಮಾಡಿಕೊಂಡಳು.